ಹಂಪಿಯ ಬಂಡೆಗಳನ್ನು ಹಲಗೆಯ ಮೇಲೆ ಕಟ್ಟುವುದು: ಪದರ ಪದರವಾಗಿ ಮಿಶ್ರಮಾಧ್ಯಮ ಕಲಾಕೃತಿ ಮಾಡುವ ಸಮಗ್ರ ಮಾರ್ಗದರ್ಶಿ

ಹಂಪಿಯ ಗುಂಡುಬಂಡೆಗಳನ್ನು ಬರೀ ಬಣ್ಣದಲ್ಲಿ ಬರೆಯಲು ಹೊರಟರೆ ಬಹಳ ಸಲ ಆಲೂಗಡ್ಡೆ ರಾಶಿ ಹಾಕಿದಂತೆ ಕಾಣುತ್ತದೆ. ಆಕಾರ ಸರಿಯಾಗಿರುತ್ತದೆ, ನೆರಳೂ ಸರಿಯಾಗಿರುತ್ತದೆ, ಆದರೆ ಕಲ್ಲಿನ ತೂಕ ಬಂದಿರುವುದಿಲ್ಲ. ಆ ಬಂಡೆಗಳು ಹೇಗೆ ಆದವೋ ಅದೇ ಕ್ರಮದಲ್ಲಿ ಚಿತ್ರವನ್ನೂ ಕಟ್ಟಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ: ಮೊದಲು ಕಲ್ಲಿನ ಮೈ, ಆಮೇಲೆ ಸೀಳು, ಆಮೇಲೆ ನೀರಿನ ಕಲೆ, ಆಮೇಲೆ ಹಸಿರು, ಎಲ್ಲಕ್ಕಿಂತ ಕೊನೆಗೆ ಮನುಷ್ಯ ಕಟ್ಟಿದ್ದು. ಕೆಳಗಿನ ಕೆಲಸವೆಲ್ಲ ಈ ಕ್ರಮದ ಮೇಲೆಯೇ ನಿಂತಿದೆ. ಮಧ್ಯದ ಹೆಜ್ಜೆಯನ್ನು ಹಾರಿಸಿ ಮುಂದೆ ಹೋದರೆ ಏನಾಗುತ್ತದೆ ಎಂಬುದನ್ನು ಆಯಾ ಕಡೆಯೇ ಹೇಳಿದೆ.

12×16 ಅಂಗುಲದ ಒಂದು ಹಲಗೆಗೆ ಆಗುವಂತೆ ಅಳತೆಗಳನ್ನು ಕೊಟ್ಟಿದೆ. ಒಣಗುವ ಸಮಯವೂ ಸೇರಿದರೆ ಕೆಲಸ ಮುಗಿಯಲು ಏಳೆಂಟು ದಿನ ಬೇಕು. ವಾರ್ನಿಷ್ ಅದರ ನಂತರದ ಮಾತು.

ಮೊದಲು ಬಂಡೆಯನ್ನು ಓದಿ

ಹಂಪಿ, ಆನೆಗೊಂದಿ ಸುತ್ತಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ನೆಲದೊಳಗೆ ಆಳದಲ್ಲಿ ಹೆಪ್ಪುಗಟ್ಟಿದ ಈ ಕಲ್ಲು, ತನ್ನ ಮೇಲಿನ ಹೊರೆ ಸವೆಯುತ್ತ ಹೋದಂತೆ ಅಡ್ಡಕ್ಕೂ ಉದ್ದಕ್ಕೂ ಸೀಳು ಬಿಟ್ಟಿತು. ಸೀಳುಗಳೊಳಗೆ ನೀರು ಇಳಿಯಿತು. ಚೌಕಾಕಾರದ ತುಂಡಿನ ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಸವೆಯಿತು, ಚೌಕ ಗುಂಡಗಾಯಿತು. ಹೊರಮೈ ಈರುಳ್ಳಿ ಸಿಪ್ಪೆಯಂತೆ ಪದರವಾಗಿ ಸುಲಿಯುವುದೂ ಇದರ ಜೊತೆಗೇ ನಡೆದಿದೆ.

ಇದರಿಂದ ಚಿತ್ರಕ್ಕೆ ಎರಡು ಲಾಭ. ಈ ಬಂಡೆಗಳು ಎಲ್ಲಿಂದಲೋ ಉರುಳಿ ಬಂದವಲ್ಲ, ಬಹುಪಾಲು ನಿಂತಲ್ಲೇ ಗುಂಡಗಾದವು. ಆದ್ದರಿಂದ ಒಂದು ಬಂಡೆಯ ಪಕ್ಕದ ಸೀಳು ಮೇಲಿನ ಬಂಡೆಯ ಪಕ್ಕದಲ್ಲೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಮುಂದುವರಿಯುತ್ತದೆ. ರಾಶಿಯ ಉದ್ದಕ್ಕೂ ಇಂಥ ಎರಡು ಮೂರು ಗೆರೆಗಳನ್ನು ಹಿಡಿದುಬಿಟ್ಟರೆ ಆಲೂಗಡ್ಡೆ ರಾಶಿ ಬಂಡೆರಾಶಿಯಾಗುತ್ತದೆ. ಎರಡನೆಯದು, ಯಾವ ಬಂಡೆಯೂ ಪೂರ್ತಿ ಉರುಟಲ್ಲ. ಒಂದು ಮಗ್ಗುಲು ಚಪ್ಪಟೆಯಾಗಿಯೇ ಉಳಿದಿರುತ್ತದೆ. ಆ ಚಪ್ಪಟೆ ಮಗ್ಗುಲನ್ನು ಬಿಡದೆ ಬರೆಯಿರಿ.

ಸ್ಥಳಕ್ಕೆ ಹೋಗಲು ಸಾಧ್ಯವಾದರೆ ಮಾತಂಗ ಬೆಟ್ಟ, ಹೇಮಕೂಟ, ಹೊಳೆಯ ಆಚೆಯ ಅಂಜನಾದ್ರಿ, ಈ ಮೂರರಲ್ಲಿ ಒಂದರ ಮೇಲೆ ಬೆಳಗ್ಗೆ ಅಥವಾ ಸಂಜೆ ಕೂರಿ. ನಡುಹಗಲಲ್ಲಿ ನೆರಳು ಬಂಡೆಯ ಬುಡಕ್ಕೆ ಸರಿದು ಎಲ್ಲ ಚಪ್ಪಟೆಯಾಗುತ್ತದೆ. ಪೋಸ್ಟ್‌ಕಾರ್ಡ್ ಗಾತ್ರದಲ್ಲಿ, ಒಂದೊಂದಕ್ಕೆ ಐದು ನಿಮಿಷ ಮೀರದಂತೆ ಮೂರು ರೇಖಾಚಿತ್ರ ಸಾಕು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಪ್ರತಿಯೊಂದರ ಮೇಲೂ ಬಾಣದ ಗುರುತು ಹಾಕಿ. ಫೋಟೋ ತೆಗೆಯಿರಿ, ಆದರೆ ಬಣ್ಣಕ್ಕೆ ಅದನ್ನು ನಂಬಬೇಡಿ. ಫೋಟೋದಲ್ಲಿ ನೆರಳು ಬರೀ ಕಪ್ಪಾಗಿ ಬರುತ್ತದೆ, ಕಣ್ಣಿಗೆ ಕಾಣುವ ನೇರಳೆ ಛಾಯೆ ಅದರಲ್ಲಿ ಇರುವುದಿಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಂದ ಕಲ್ಲುಚೂರು, ಮಣ್ಣು, ಹಳೆ ಇಟ್ಟಿಗೆಯ ತುಂಡು, ಯಾವುದನ್ನೂ ತರಬೇಡಿ. ಕೃತಿಗೆ ಬೇಕಾದ ಮಣ್ಣು ನಿಮ್ಮ ಹಿತ್ತಲಲ್ಲಿ ಸಿಗುತ್ತದೆ.

ಸಾಮಗ್ರಿ

ಹಲಗೆಗೆ 6 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಕ್ಯಾನ್ವಾಸ್ ಈ ಕೆಲಸಕ್ಕೆ ಸಲ್ಲದು, ಬಟ್ಟೆ ಬಾಗಿದಾಗೆಲ್ಲ ಮೇಲಿನ ಗಟ್ಟಿ ಪದರ ಬಿರಿಯುತ್ತದೆ. ಅಂಟಿಗೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣ ಸೇರಿಸದ, ಹೊಳಪಿಲ್ಲದ ಅಕ್ರಿಲಿಕ್ ದ್ರವ; ಮುಂದೆ ಬರೀ ‘ಮೀಡಿಯಂ’ ಎಂದಿರುವುದು ಇದನ್ನೇ) ಸುಮಾರು 200 ಮಿ.ಲೀ. ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲೂ ಕೆಲಸ ನಡೆಯುತ್ತದೆ, ಆದರೆ ಅದು ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತದೆ. ಅದನ್ನು ಬಳಸುವುದಾದರೆ ಬಣ್ಣಕ್ಕೆ ಮೊದಲು ಮೇಲೊಂದು ಕೋಟ್ ಮೀಡಿಯಂ ಹಾಕಲೇಬೇಕು. ಮೈದಾ ಅಂಟು ಬೇಡವೇ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳ ಬರುತ್ತದೆ.

ಕಾಗದ ಮೂರು ಬಗೆಯದು: ಹತ್ತಿಯ ಹ್ಯಾಂಡ್‌ಮೇಡ್ ಪೇಪರ್ (120ರಿಂದ 150 ಜಿಎಸ್ಎಂ) ಎರಡು ಹಾಳೆ, ಬಿಳಿ ಟಿಶ್ಯೂ ಕಾಗದ ನಾಲ್ಕು ಹಾಳೆ, ತೆಳು ಕಂದು ಕಾಗದ ಒಂದು. ಸುದ್ದಿಪತ್ರಿಕೆ ಸುಲಭಕ್ಕೆ ಸಿಗುತ್ತದೆಂದು ಹಾಕಬೇಡಿ. ಅದರ ಆಮ್ಲದಿಂದ ಕಾಗದ ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ.

ಅಕ್ರಿಲಿಕ್ ಬಣ್ಣ ಏಳು ಸಾಕು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಬರ್ಂಟ್ ಅಂಬರ್ (ಗಾಢ ಕಂದು), ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್, ಲೆಮನ್ ಯೆಲ್ಲೋ, ಟೈಟಾನಿಯಂ ಬಿಳಿ. ಕಪ್ಪು ಕೊಳ್ಳಬೇಡಿ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಬರುವ ಬೂದು ಬಣ್ಣವೇ ಹಂಪಿಯ ಕಲ್ಲಿನ ಬೂದು. ನೀಲಿ ಹೆಚ್ಚಾದರೆ ನೆರಳಿನ ಕಡೆ, ಕಂದು ಹೆಚ್ಚಾದರೆ ಬಿಸಿಲಿನ ಕಡೆ.

ಉಳಿದವು: ಅಕ್ರಿಲಿಕ್ ಗೆಸ್ಸೊ (ಬಣ್ಣ ಹಿಡಿಯುವಂತೆ ಹಲಗೆಗೆ ಮೊದಲು ಬಳಿಯುವ ಬಿಳಿ ಲೇಪ), ಬಿಳಿ ರಂಗೋಲಿ ಪುಡಿ ಅಥವಾ ಮಾರ್ಬಲ್ ಪುಡಿ, ತೊಳೆದು ಒಣಗಿಸಿದ ಸಣ್ಣ ಮರಳು, ಬಾಳೆನಾರು, ಗೋಣಿನಾರು, ಪ್ಯಾಲೆಟ್ ನೈಫ್, ಅರ್ಧ ಅಂಗುಲ ಮತ್ತು ಒಂದೂವರೆ ಅಂಗುಲದ ಬ್ರಷ್‌ಗಳು, ಹಳೆ ಟೂತ್‌ಬ್ರಷ್, ಹತ್ತಿ ಬಟ್ಟೆಯ ಚೂರು. ಬಣ್ಣದ ರಂಗೋಲಿ ಪುಡಿ ತರಬೇಡಿ, ಅದರ ಬಣ್ಣ ನೀರಿಗೆ ಬಿಡುತ್ತದೆ. ಅರಿಸಿನ, ಕುಂಕುಮದ ಬಣ್ಣವೂ ಬಿಸಿಲಿಗೆ ನಿಲ್ಲುವುದಿಲ್ಲ.

ಹಲಗೆ ಹದ ಮಾಡುವುದು

120 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಮೇಲ್ಮೈಯನ್ನು ಉಜ್ಜಿ, ಧೂಳು ಒರೆಸಿ. ಒಂದು ಪಾಲು ಮೀಡಿಯಂಗೆ ಒಂದು ಪಾಲು ನೀರು ಬೆರೆಸಿ ಮುಂದೆ, ಹಿಂದೆ, ನಾಲ್ಕು ಅಂಚಿಗೂ ಬಳಿಯಿರಿ. ಹಿಂಭಾಗಕ್ಕೆ ಬಳಿಯುವುದನ್ನು ಅನೇಕರು ಬಿಟ್ಟುಬಿಡುತ್ತಾರೆ. ಆಗ ಮುಂದಿನ ಮೈ ಮಾತ್ರ ನೀರು ಕುಡಿದು, ಒಣಗುವಾಗ ಎಳೆದುಕೊಂಡು ಹಲಗೆ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಮೇಲೆ ಸರಿಮಾಡುವುದು ಕಷ್ಟ. ನಾಲ್ಕು ಗಂಟೆ ಒಣಗಿದ ನಂತರ ಮುಂಭಾಗಕ್ಕೆ ಎರಡು ಕೋಟ್ ಗೆಸ್ಸೊ: ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಹಿಂಭಾಗಕ್ಕೂ ಒಂದು ಕೋಟ್. ಒಂದು ರಾತ್ರಿ ಬಿಡಿ.

ಬೆಳಗ್ಗೆ ಬರ್ಂಟ್ ಸಿಯೆನ್ನಾಗೆ ಸ್ವಲ್ಪ ಓಕರ್ ಸೇರಿಸಿ, ನೀರಾಗಿ ಮಾಡಿ ಇಡೀ ಹಲಗೆಗೆ ಬಳಿದು ಬಟ್ಟೆಯಿಂದ ಅರ್ಧ ಒರೆಸಿಬಿಡಿ. ಈ ಕೆಂಬಣ್ಣ ಕೊನೆಯವರೆಗೂ ಅಲ್ಲಲ್ಲಿ ಇಣುಕಬೇಕು, ಕೃತಿಯ ಬಿಸಿಲೆಲ್ಲ ಅದರಿಂದಲೇ.

ರೇಖೆ

2ಬಿ ಪೆನ್ಸಿಲ್‌ನಿಂದ ತೆಳುವಾಗಿ ಬರೆಯಿರಿ. ಇದ್ದಿಲಿನಿಂದ ಬರೆದರೆ ಅದರ ಪುಡಿ ಅಂಟಿನಲ್ಲಿ ಕಲಸಿ ಎಲ್ಲ ಕೊಳೆಯಾಗುತ್ತದೆ. ಹಲಗೆಯ ಮೇಲಿನ ಐದನೇ ಒಂದು ಭಾಗ ಮಾತ್ರ ಆಕಾಶಕ್ಕೆ. ಬಂಡೆರಾಶಿ ಮೂರು: ದೂರದ್ದು, ನಡುವಿನದು, ಮುಂದಿನದು. ಮೂರೂ ಒಂದೇ ಎತ್ತರದಲ್ಲಿ ಬೇಡ. ನಡುವಿನ ಮತ್ತು ಮುಂದಿನ ರಾಶಿಯ ಮಧ್ಯೆ ಒಂದು ಪಟ್ಟಿಯನ್ನು ಹಸಿರಿಗೂ ಹೊಳೆಗೂ ಖಾಲಿ ಬಿಡಿ. ಬರಿಗಲ್ಲಿನ ಕಾಲ ಬುಡದಲ್ಲೇ ಬಾಳೆತೋಟ, ಗದ್ದೆ ಇರುವುದು ಈ ನೆಲದ ಗುಣ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ನೀರು ಹರಿಸುತ್ತಿವೆ. ಆ ಪಟ್ಟಿ ಇಲ್ಲದಿದ್ದರೆ ಚಿತ್ರ ಯಾವುದೋ ಬೆಂಗಾಡಿನದಾಗುತ್ತದೆ.

ಮೊದಲ ಪದರ: ಕಾಗದ

ಕಾಗದವನ್ನು ಹರಿಯಿರಿ, ಕತ್ತರಿಸಬೇಡಿ. ಬೇಕಾದ ಗೆರೆಯ ಮೇಲೆ ಒದ್ದೆ ಬ್ರಷ್ ಎಳೆದು ಅರ್ಧ ನಿಮಿಷ ಬಿಟ್ಟು ಎರಡೂ ಕಡೆ ಎಳೆದರೆ ನಾರುನಾರಾದ ಅಂಚು ಬರುತ್ತದೆ. ಬಂಡೆಯ ಸುಲಿದ ಅಂಚಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ದೂರದ ರಾಶಿಗೆ ಒಂದೇ ಪದರ ಟಿಶ್ಯೂ. ನಡುವಿನದಕ್ಕೆ ಹ್ಯಾಂಡ್‌ಮೇಡ್ ಪೇಪರ್ ಎರಡು ಪದರ. ಮುಂದಿನ ರಾಶಿಯ ದೊಡ್ಡ ಬಂಡೆಗಳಿಗೆ ನಾಲ್ಕು ಪದರ: ಮೊದಲು ಬಂಡೆಯ ಪೂರ್ತಿ ಆಕಾರದ ತುಂಡು, ಅದರ ಮೇಲೆ ಒಂದು ಸೆಂ.ಮೀ. ಕಡಿಮೆಯದು, ಅದರ ಮೇಲೆ ಇನ್ನೂ ಚಿಕ್ಕದು. ಎಲ್ಲವನ್ನೂ ನಡುವಿಗೆ ಇಡದೆ ಬೆಳಕು ಬರುವ ಕಡೆಗೆ ಸರಿಸಿ ಅಂಟಿಸಿ. ಆಗ ನೆರಳಿನ ಕಡೆ ಮೂರು ಅಂಚುಗಳು ಮೆಟ್ಟಿಲಾಗಿ ಕಾಣುತ್ತವೆ, ಸುಲಿದ ಬಂಡೆಯ ಮೈ ಹಾಗೆಯೇ ಇರುತ್ತದೆ. ನಾಲ್ಕನೆಯ ಪದರಕ್ಕೆ ಕಂದು ಕಾಗದದ ಸಣ್ಣ ಚೂರು ಸಾಕು.

ದಪ್ಪ ಕಾಗದವನ್ನು ಎರಡು ನಿಮಿಷ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ, ಆಮೇಲೆ ಅಂಟಿಸಬೇಕು. ಒಣ ಕಾಗದ ಅಂಟಿನ ನೀರು ಕುಡಿದು ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದೆ ಗುಳ್ಳೆ ಏಳುತ್ತದೆ. ಹಲಗೆಗೆ ಮೀಡಿಯಂ ಬಳಿಯಿರಿ, ಕಾಗದದ ಹಿಂಭಾಗಕ್ಕೂ ಬಳಿಯಿರಿ, ಇಟ್ಟು ನಡುವಿನಿಂದ ಅಂಚಿನ ಕಡೆಗೆ ಬ್ರಷ್‌ನಿಂದ ಒತ್ತುತ್ತ ಹೋಗಿ, ಮೇಲೆಯೂ ಒಂದು ಕೋಟ್ ಎಳೆಯಿರಿ. ಟಿಶ್ಯೂವನ್ನು ಮಾತ್ರ ನೆನೆಸಬೇಡಿ, ಕೈಯಲ್ಲೇ ಹರಿದುಹೋಗುತ್ತದೆ. ಒಣಗಿದ ಮೇಲೆ ಗುಳ್ಳೆ ಕಂಡರೆ ಬ್ಲೇಡಿನಿಂದ ಸಣ್ಣದಾಗಿ ಕೊಯ್ದು ಅಂಟು ಸೇರಿಸಿ ಒತ್ತಿ. ಕೊಯ್ದ ಗೆರೆಯನ್ನು ಸೀಳಿನ ದಿಕ್ಕಿಗೇ ಹಾಕಿದರೆ ಅದೂ ಬಂಡೆಯ ಭಾಗವಾಗುತ್ತದೆ. ಪ್ರತಿ ಪದರದ ನಡುವೆ ಎರಡು ಗಂಟೆ, ಕೊನೆಗೆ ಒಂದು ರಾತ್ರಿ.

ಎರಡನೆಯ ಪದರ: ಕಲ್ಲಿನ ಮೈ

ಕಲ್ಲಿನ ಉಬ್ಬುತಗ್ಗು ಮೂಡಿಸುವ ಟೆಕ್ಸ್ಚರ್ ಪೇಸ್ಟ್ ಮನೆಯಲ್ಲೇ ಆಗುತ್ತದೆ. ಗೆಸ್ಸೊ ಎರಡು ದೊಡ್ಡ ಚಮಚ, ಮೀಡಿಯಂ ಅಥವಾ ಬಿಳಿ ಅಂಟು ಒಂದು ಚಮಚ, ಜರಡಿ ಹಿಡಿದ ರಂಗೋಲಿ ಪುಡಿ ನಾಲ್ಕು ಚಮಚ. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಸಿ. ಉದ್ದಿನವಡೆ ಹಿಟ್ಟಿನ ಹದ ಬರಬೇಕು: ನೈಫ್‌ನಿಂದ ಎತ್ತಿದರೆ ನಿಲ್ಲಬೇಕು, ತಟ್ಟಿದರೆ ಬೀಳಬೇಕು. ಪುಡಿ ಹೆಚ್ಚಾದರೆ ಒಣಗಿದ ಮೇಲೆ ಬೆರಳಿಗೆ ಉದುರುತ್ತದೆ, ಅಂಟು ಹೆಚ್ಚಾದರೆ ರಬ್ಬರಿನಂತಾಗಿ ಬಣ್ಣ ಹೀರುವುದಿಲ್ಲ. ಗೋಡೆ ಪುಟ್ಟಿ ಅಗ್ಗವೆಂದು ಹಚ್ಚಿದರೆ ಹಲಗೆ ಒಂದಿಷ್ಟು ಬಾಗಿದರೂ ಚಕ್ಕೆ ಏಳುತ್ತದೆ.

ಮುಂದಿನ ಬಂಡೆಗಳ ಮೇಲೆ, ಕಾಗದದ ಮೆಟ್ಟಿಲು ಅಂಚುಗಳು ಮುಚ್ಚಿಹೋಗದಂತೆ, ಬಿಸಿಲಿನ ಕಡೆಗೆ ಮಾತ್ರ ಹಚ್ಚಿ. ಒಂದು ಸಲಕ್ಕೆ 3 ಮಿ.ಮೀ. ಮೀರಬಾರದು. ದಪ್ಪಗೆ ಹಾಕಿದರೆ ಮೇಲಿನ ಪೊರೆ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುವುದರಿಂದ ಬೇಡದ ಕಡೆ ಬಿರುಕು ಬಿಡುತ್ತದೆ. ಇನ್ನೂ ದಪ್ಪ ಬೇಕಿದ್ದರೆ ಮರುದಿನ ಎರಡನೆಯ ಸಲ.

ಹಚ್ಚಿ ಮುಕ್ಕಾಲು ಗಂಟೆ ಕಾದು, ಮೇಲ್ಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆರಳಿಗೆ ಅಂಟದೆ, ಒತ್ತಿದರೆ ತಗ್ಗುವಂತಿದ್ದರೆ ಹದ ಬಂದಿದೆ. ಈಗ ಮೊಂಡು ಚಾಕುವಿನಿಂದ ಸೀಳುಗಳನ್ನು ಕೊರೆಯಿರಿ. ಮೊದಲು ರಾಶಿಯ ಮೇಲಿಂದ ಕೆಳಗಿನವರೆಗೆ ಹಾಯುವ ಆ ಎರಡು ಮೂರು ಮುಖ್ಯ ಗೆರೆಗಳು, ಬಂಡೆಯಿಂದ ಬಂಡೆಗೆ ದಾಟಿಕೊಂಡು. ಬಿಡಿ ಬಿರುಕುಗಳು ಆಮೇಲೆ, ಅವೂ ಕಡಿಮೆ. ಹಸಿಯಾಗಿರುವಾಗಲೇ ಕೊರೆದರೆ ಅಂಚು ಉಬ್ಬಿ ಹೊಲದ ಸಾಲಿನಂತೆ ಕಾಣುತ್ತದೆ, ಪೂರ್ತಿ ಒಣಗಿದ ಮೇಲೆ ಕೊರೆದರೆ ಚಕ್ಕೆ ಏಳುತ್ತದೆ. ಬಂಡೆಯ ಬುಡದಲ್ಲಿ ಮಾತ್ರ ತೆಳುವಾಗಿ ಮೀಡಿಯಂ ಬಳಿದು ಮರಳು ಉದುರಿಸಿ, ಅರ್ಧ ಗಂಟೆಯ ನಂತರ ಹಲಗೆಯನ್ನು ಎತ್ತಿ ತಟ್ಟಿ ಹೆಚ್ಚಿನದನ್ನು ಬೀಳಿಸಿ. ಬಂಡೆಗಳ ಮೈ ತುಂಬ ಮರಳು ಹಾಕುವ ಆಸೆ ಬರುತ್ತದೆ. ಹಾಕಿದರೆ ಎಲ್ಲವೂ ಒಂದೇ ಒರಟಾಗಿ, ನುಣುಪಾದ ಕಲ್ಲಿನ ಹೊಟ್ಟೆ ಕಾಣೆಯಾಗುತ್ತದೆ. ಒಂದು ದಿನ ಒಣಗಲಿ. ನಂತರ ಎಲ್ಲದರ ಮೇಲೆ ಒಂದು ತೆಳು ಕೋಟ್ ಮೀಡಿಯಂ.

ಮೂರನೆಯ ಪದರ: ಬಣ್ಣ, ಮಣ್ಣು, ನೀರಿನ ಕಲೆ

ಕತ್ತಲಿನಿಂದ ಬೆಳಕಿಗೆ ಬನ್ನಿ. ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿ ನೀರಾಗಿ ಮಾಡಿದ ಗಾಢ ಬಣ್ಣವನ್ನು ಒಂದೊಂದೇ ಬಂಡೆಗೆ ಬಳಿದು, ಎರಡು ನಿಮಿಷದೊಳಗೆ ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿ. ಸೀಳಿನೊಳಗೆ ಬಣ್ಣ ಉಳಿಯುತ್ತದೆ, ಮೈ ತಿಳಿಯಾಗುತ್ತದೆ. ಇಡೀ ಹಲಗೆಗೆ ಒಟ್ಟಿಗೆ ಬಳಿದರೆ ಒರೆಸುವ ಹೊತ್ತಿಗೆ ಅರ್ಧ ಒಣಗಿರುತ್ತದೆ.

ಆಮೇಲೆ ಬೂದು, ಅದರ ಮೇಲೆ ಓಕರ್‌ಗೂ ಬಿಳಿಗೂ ಚೂರೇ ಚೂರು ಕ್ರಿಮ್ಸನ್ ಸೇರಿಸಿದ ಗುಲಾಬಿ ಛಾಯೆ. ಇದನ್ನು ಒಣ ಬ್ರಷ್‌ನಿಂದ: ಬ್ರಷ್‌ಗೆ ಬಣ್ಣ ಹಚ್ಚಿ ಬಟ್ಟೆಗೆ ಉಜ್ಜಿ, ಉಳಿದಷ್ಟರಿಂದಲೇ ಬಿಸಿಲಿನ ಕಡೆಯ ಉಬ್ಬುಗಳನ್ನು ಸವರಿ. ದೂರದ ರಾಶಿಗೆ ಬಿಳಿಯೂ ನೀಲಿಯೂ ಹೆಚ್ಚಿರಲಿ, ಸೀಳು ಬೇಡ.

ನೆಲಕ್ಕೆ ನಿಜವಾದ ಕೆಮ್ಮಣ್ಣು ಬಳಸಬಹುದು. ಅದರ ಕೆಂಪು ಕಬ್ಬಿಣದ ಆಕ್ಸೈಡ್‌ನಿಂದ ಬಂದದ್ದು, ಬಿಸಿಲಿಗೆ ಮಾಸುವುದಿಲ್ಲ. ಒಂದು ಹಿಡಿ ಮಣ್ಣನ್ನು ಒಂದು ಚೊಂಬು ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಮರಳು, ಕಸ ಮೊದಲ ಚೊಂಬಿನಲ್ಲೇ ಉಳಿಯುತ್ತದೆ. ಬಗ್ಗಿಸಿದ ನೀರು ರಾತ್ರಿಯಿಡೀ ತಂಗಿದರೆ ತಳದಲ್ಲಿ ನುಣ್ಣನೆಯ ಕೆಸರು ಕೂರುತ್ತದೆ. ತಿಳಿನೀರು ಚೆಲ್ಲಿ, ಒಣಗಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಸೋಸಿ. ಒಂದು ಪಾಲು ಪುಡಿಗೆ ಒಂದೂವರೆ ಪಾಲು ಮೀಡಿಯಂ ಸೇರಿಸಿ ಅರೆದರೆ ಬಣ್ಣ ಸಿದ್ಧ. ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ, ಕೆಂಪು ಹತ್ತಿದರೆ ಮೀಡಿಯಂ ಸಾಲದು.

ಇನ್ನು ಕಪ್ಪು ಪಟ್ಟೆಗಳು. ಹಂಪಿಯ ಬಂಡೆಗಳ ನೆತ್ತಿಯಿಂದ ಕೆಳಕ್ಕೆ ಇಳಿದ ಕಪ್ಪು ಗೆರೆಗಳು ಮಳೆನೀರು ಹರಿದ ದಾರಿಗಳು. ಆ ತೇವದಲ್ಲಿ ಪಾಚಿಯೂ ಕಲ್ಲುಹೂವೂ ಹಿಡಿದು ಕಲ್ಲು ಕಪ್ಪಾಗಿದೆ. ನೀರು ಮಾಡಿದ ಗೆರೆಯನ್ನು ಬ್ರಷ್‌ನಿಂದ ಎಳೆದರೆ ಹುಲಿಪಟ್ಟೆಯಾಗುತ್ತದೆ, ಅದನ್ನು ನೀರಿನಿಂದಲೇ ಮಾಡಿಸಬೇಕು. ಹಲಗೆಯನ್ನು ಗೋಡೆಗೆ ಬಹುತೇಕ ನೆಟ್ಟಗೆ ಒರಗಿಸಿ. ಗಾಢ ಬೂದಿಗೆ ಎಂಟು ಪಾಲು ನೀರು ಬೆರೆಸಿ, ಬಂಡೆಯ ನೆತ್ತಿಯ ತಗ್ಗಿನಲ್ಲಿ ಡ್ರಾಪರ್‌ನಿಂದ ಮೂರು ನಾಲ್ಕು ಹನಿ ಬಿಡಿ. ಹನಿ ಪೇಸ್ಟಿನ ಉಬ್ಬು ತಗ್ಗು ನೋಡಿಕೊಂಡು ತಾನೇ ದಾರಿ ಹುಡುಕುತ್ತದೆ, ಕಾಗದದ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು ಕವಲಾಗಿ ಇಳಿಯುತ್ತದೆ. ಬಂಡೆಯ ಹೊಟ್ಟೆ ದಾಟಿದೊಡನೆ ಬಟ್ಟೆಯಿಂದ ಹೀರಿ ನಿಲ್ಲಿಸಿ, ಯಾಕೆಂದರೆ ನಿಜದ ಬಂಡೆಯಲ್ಲೂ ಒಳಕ್ಕೆ ಬಾಗಿದ ಕಡೆ ಪಟ್ಟೆ ನಿಂತುಹೋಗುತ್ತದೆ. ಒಂದು ಸುತ್ತು ಒಣಗಿಸಿ, ಅದೇ ಜಾಗದಲ್ಲಿ ಇನ್ನೊಂದು ಸುತ್ತು. ಮೂರು ನಾಲ್ಕು ಸುತ್ತಿಗೆ ಸರಿಯಾದ ಕಪ್ಪು ಬರುತ್ತದೆ. ಇಡೀ ಕೃತಿಯಲ್ಲಿ ಐದಾರು ಬಂಡೆಗಳಿಗೆ ಇಷ್ಟು ಸಾಕು.

ಹಸಿರು ಮತ್ತು ಹೊಳೆ

ಹಸಿರು ಇಡೀ ಹಲಗೆಯ ಹತ್ತನೇ ಒಂದು ಭಾಗವನ್ನು ಮೀರದಿರಲಿ. ಟಿಶ್ಯೂ ಕಾಗದಕ್ಕೆ ಮೊದಲೇ ಬಣ್ಣ ಬಳಿದು ಒಣಗಿಸಿಟ್ಟುಕೊಳ್ಳಿ: ಅಲ್ಟ್ರಾಮರೀನ್‌ಗೆ ಓಕರ್ ಸೇರಿಸಿದರೆ ಕುರುಚಲು ಗಿಡದ ಮಂಕು ಹಸಿರು, ಲೆಮನ್ ಯೆಲ್ಲೋ ಸೇರಿಸಿದರೆ ಗದ್ದೆಯ ಹಸಿರು. ಗದ್ದೆಗೆ ಅಡ್ಡ ಪಟ್ಟಿಗಳಾಗಿ ಹರಿಯಿರಿ, ಬಾಳೆಗೆ ಉದ್ದನೆಯ ಚೂಪು ತುಂಡುಗಳಾಗಿ. ಬಾಳೆಯ ಕಾಂಡಕ್ಕೆ ಬಾಳೆನಾರೇ ಇದೆ. ಒಂದು ಅಂಗುಲದ ಎಳೆಗಳನ್ನು ಮೀಡಿಯಂನಲ್ಲಿ ಅದ್ದಿ ನಿಲ್ಲಿಸಿ ಅಂಟಿಸಿ. ಬಂಡೆಸಂದಿಯ ಒಣಹುಲ್ಲಿಗೆ ಗೋಣಿನಾರು ಬಿಡಿಸಿ ಹಾಕಿ. ಹಸಿ ಎಲೆ ಅಂಟಿಸಬೇಡಿ, ಒಳಗಿನ ತೇವಕ್ಕೆ ಕೊಳೆಯುತ್ತದೆ. ಒತ್ತಿ ಒಣಗಿಸಿದ ಎಲೆಯೂ ಹಸಿರಾಗಿ ಉಳಿಯುವುದಿಲ್ಲ.

ತುಂಗಭದ್ರೆಗೆ ಒಂದೇ ಟಿಶ್ಯೂ ಪಟ್ಟಿ, ಅಡ್ಡಕ್ಕೆ, ಸುಕ್ಕು ಬೀಳದಂತೆ. ಆಕಾಶದ ಬಣ್ಣಕ್ಕೆ ಬಂಡೆಯ ಬೂದು ಬೆರೆಸಿ ಬಳಿಯಿರಿ. ಕೊನೆಗೆ, ವಾರ್ನಿಷ್ ಆದ ಮೇಲೆ, ಈ ಪಟ್ಟಿಗೆ ಮಾತ್ರ ಹೊಳಪಿನ (ಗ್ಲಾಸ್) ಮೀಡಿಯಂ. ಇಡೀ ಕೃತಿಯಲ್ಲಿ ಹೊಳಪು ಇಲ್ಲಿ ಮಾತ್ರ ಇದ್ದರೆ ನೀರು ತಾನಾಗಿ ನೀರಾಗುತ್ತದೆ.

ಕೊನೆಯ ಪದರ: ಮಂಟಪ

ಒಂದೇ ಕಟ್ಟಡ ಸಾಕು, ಅದೂ ಚಿಕ್ಕದು. ಮಾತಂಗ ಬೆಟ್ಟದ ಮೇಲಿಂದ ನೋಡಿದರೆ ವಿರೂಪಾಕ್ಷನ ದೊಡ್ಡ ಗೋಪುರವೂ ಬಂಡೆಗಳ ನಡುವೆ ಒಂದು ಮೊಳಕೆಯಷ್ಟೇ. ನಾಲ್ಕು ಕಂಬದ ಮಂಟಪ ಒಂದೂವರೆ ಅಂಗುಲಕ್ಕಿಂತ ದೊಡ್ಡದಾದರೆ ಬಂಡೆಗಳು ಕುಗ್ಗಿಬಿಡುತ್ತವೆ.

ನೀವೇ ತೆಗೆದ ಫೋಟೋವನ್ನು ಎಡಬಲ ತಿರುವಿ ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ಮಾಡಿಸಿ. ಇಂಕ್‌ಜೆಟ್ ಪ್ರಿಂಟ್ ನಡೆಯದು, ನೀರಿಗೆ ಕರಗುತ್ತದೆ. ತಿರುವದೇ ಬಿಟ್ಟರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಜಾಗಕ್ಕೆ ದಪ್ಪಗೆ ಮೀಡಿಯಂ ಬಳಿದು ಪ್ರಿಂಟನ್ನು ಮುಖ ಕೆಳಗೆ ಮಾಡಿ ಒತ್ತಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ನೀರು ಸವರಿ ಐದು ನಿಮಿಷ ನೆನೆಯಲು ಬಿಟ್ಟು ಬೆರಳ ತುದಿಯಿಂದ ವೃತ್ತಾಕಾರವಾಗಿ ಉಜ್ಜಿ. ಕಾಗದ ಸುರುಳಿ ಸುರುಳಿಯಾಗಿ ಎದ್ದುಬರುತ್ತದೆ, ಮಸಿ ಹಲಗೆಯಲ್ಲಿ ಉಳಿಯುತ್ತದೆ. ಒಣಗಿದ ಮೇಲೆ ಬೆಳ್ಳಗೆ ಮಂಜು ಕಂಡರೆ ಕಾಗದದ ಎಳೆ ಉಳಿದಿದೆ ಎಂದರ್ಥ, ಮತ್ತೆ ನೆನೆಸಿ ಉಜ್ಜಿ. ಅವಸರಕ್ಕೆ ಉಗುರು ಹಾಕಿದರೆ ಕಂಬವೇ ಕಿತ್ತುಬರುತ್ತದೆ. ಈ ಕೆಲಸಕ್ಕೆ ನುಣುಪು ಜಾಗ ಬೇಕು, ಮರಳಿನ ಮೇಲೆ ಮಸಿ ಕೂರುವುದಿಲ್ಲ. ಹಾಗಾಗಿ ಮಂಟಪದ ಜಾಗವನ್ನು ಪೇಸ್ಟ್ ಹಚ್ಚುವಾಗಲೇ ಖಾಲಿ ಬಿಟ್ಟಿರಬೇಕು.

ಕಡೆಗೆ ಬಾಣದ ಗುರುತಿನ ರೇಖಾಚಿತ್ರ ಎದುರಿಗಿಟ್ಟುಕೊಂಡು, ಅಲ್ಟ್ರಾಮರೀನ್‌ಗೆ ಕ್ರಿಮ್ಸನ್ ಸೇರಿಸಿ, ಒಂದು ಪಾಲಿಗೆ ಹತ್ತು ಪಾಲು ಮೀಡಿಯಂ ಬೆರೆಸಿ, ಪ್ರತಿ ಬಂಡೆಯ ನೆರಳನ್ನು ಪಕ್ಕದ ಬಂಡೆಯ ಮೇಲೆ ಬೀಳಿಸಿ. ಬಿಡಿಬಿಡಿಯಾಗಿದ್ದ ಬಂಡೆಗಳು ಒಂದರ ಮೇಲೊಂದು ಕೂರುವುದು ಈ ನೆರಳು ಬಿದ್ದಾಗಲೇ.

ವಾರ್ನಿಷ್, ಚೌಕಟ್ಟು

ಮೇಲ್ಮೈ ಒಣಗಿದರೂ ಪೇಸ್ಟಿನ ಒಳಗೆ ತೇವ ಇರುತ್ತದೆ. ಎರಡು ವಾರ ಕಾಯುವುದು ಒಳ್ಳೆಯದು. ಮಳೆ ಹಿಡಿದ ದಿನ ವಾರ್ನಿಷ್ ಮಾಡಬೇಡಿ, ಮಂಜು ಕವಿದಂತಾಗುತ್ತದೆ. ಮ್ಯಾಟ್ ವಾರ್ನಿಷ್ ತೆಳುವಾಗಿ ಎರಡು ಕೋಟ್. ಸೀಳುಗಳಲ್ಲಿ ನಿಂತುಬಿಟ್ಟರೆ ಅಲ್ಲಿ ಹಾಲಿನಂತೆ ಬಿಳಿಯಾಗುತ್ತದೆ, ನಿಂತದ್ದನ್ನು ಒಣ ಬ್ರಷ್‌ನಿಂದ ಕೂಡಲೇ ಎತ್ತಿ. ಚೌಕಟ್ಟಿಗೆ ಗಾಜು ಹಾಕಿಸುವುದಾದರೆ ಅತ್ಯಂತ ಉಬ್ಬಿದ ಬಂಡೆಗೂ ಗಾಜಿಗೂ ಕನಿಷ್ಠ ಅರ್ಧ ಅಂಗುಲ ಅಂತರ ಇರುವ ಪೆಟ್ಟಿಗೆ ಚೌಕಟ್ಟೇ ಬೇಕು. ಬಳಸಿದ ಅಂಟು, ಬಣ್ಣ, ಮುಗಿಸಿದ ತಾರೀಖು, ಇವನ್ನು ಹಲಗೆಯ ಹಿಂದೆ ಬರೆದಿಡಿ. ಮುಂದೆ ಎಲ್ಲಾದರೂ ಚಕ್ಕೆ ಎದ್ದರೆ ಸರಿಮಾಡುವವರಿಗೆ ಬೇಕಾಗುವುದು ಇದೇ.

ನೇತುಹಾಕುವಾಗ ಎದುರಿನಿಂದ ಬೆಳಕು ಬೀಳುವ ಗೋಡೆ ಬೇಡ, ಉಬ್ಬುತಗ್ಗೆಲ್ಲ ಚಪ್ಪಟೆಯಾಗುತ್ತದೆ. ಕಿಟಕಿ ಪಕ್ಕಕ್ಕಿರುವ ಗೋಡೆ ಆರಿಸಿ. ಚಿತ್ರದಲ್ಲಿ ಬಿಸಿಲು ಎಡದಿಂದ ಬಂದಿದ್ದರೆ ಕಿಟಕಿಯೂ ಎಡಕ್ಕಿರಲಿ. ಆಗ ನೀವು ಬಳಿದ ನೆರಳೂ, ಕಾಗದದ ಮೆಟ್ಟಿಲು ಬೀಳಿಸುವ ನಿಜವಾದ ನೆರಳೂ ಒಂದೇ ಕಡೆಗೆ ಬೀಳುತ್ತವೆ.